ಮಂಚದಿಂದ ಸಾನಪಾಡಾ ಸ್ಟೇಷನ್‌ವರೆಗೆ

ಬೆನ್ನುಹುರಿಗೆ ಪೆಟ್ಟಾದವರು ಮೊದಲು ಕೇಳೋದು ಒಂದೇ: ಮತ್ತೆ ಯಾವಾಗ ನಡೀತೀನಿ? ಮೊದಮೊದಲು ಯಾವ ಡಾಕ್ಟರೂ ಇದಕ್ಕೆ ತಾರೀಖು ಕೊಡಲಾರರು. ಹಾಗಂತ ಕಾಯ್ತಾ ಮಲಗೋದಾ? ಬೇಡ, ದೊಡ್ಡ ಗುರಿಯನ್ನ ಸಣ್ಣ ಸಣ್ಣ ಗುರಿಗಳಾಗಿ ಒಡೆಯಿರಿ.

ಮನೆ ನವಿ ಮುಂಬೈಯ ಸಾನಪಾಡಾದಲ್ಲಿ, ಕೆಲಸ ಪಕ್ಕದ ವಾಶಿಯಲ್ಲಿ ಅಂದ್ಕೊಳ್ಳಿ. ದೊಡ್ಡ ಗುರಿ, ಸ್ಟೇಷನ್‌ಗೆ ಹೋಗಿ ರೈಲು ಹಿಡಿದು ಆಫೀಸಿಗೆ ಮರಳೋದು. ಈ ವಾರದ ಗುರಿ, ಒಬ್ಬರ ಆಸರೆಯಲ್ಲಿ ಮಂಚದಿಂದ ವೀಲ್‌ಚೇರಿಗೆ ಜರುಗೋದು. ಫಿಸಿಯೋ ಒಪ್ಪಿದ ಮೇಲೆ, ಅದನ್ನೇ ಆಸರೆಯಿಲ್ಲದೆ. ಅಷ್ಟರಲ್ಲಿ ಮನೆಯವರು ಬಾತ್‌ರೂಮ್ ಬಾಗಿಲ ಅಗಲ ಅಳೆದಿರಲಿ. ನಮ್ಮ ಫ್ಲ್ಯಾಟುಗಳಲ್ಲಿ ವೀಲ್‌ಚೇರ್ ಸಿಕ್ಕಿಬೀಳೋದು ಅಲ್ಲೇ!

ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಮೈಭಾರ ಬದಲಿಸೋದೂ ಗುರಿಯೇ. ಮರೆತರೆ ಒತ್ತಡದ ಹುಣ್ಣು; ಅದು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಬಹುದು. ಹಲವರಿಗೆ ಮೂತ್ರ ತೆಗೆಯೋಕೆ 4ರಿಂದ 6 ಗಂಟೆಗೊಮ್ಮೆ ಕ್ಯಾಥೆಟರ್ ಬೇಕು. ಅದನ್ನ ತಾವೇ ಹಾಕಿಕೊಳ್ಳೋದು ಕಲಿತರೆ ದಿನವಿಡೀ ಹೊರಗಿರಬಹುದು. ನಾಚಿಕೆ ಬಿಟ್ಟು ಇದನ್ನೂ ಪಟ್ಟಿಗೆ ಸೇರಿಸಿ.

ಇಂಥ ಸಣ್ಣ ಗುರಿ ಎಲ್ಲಿಗೆ ಒಯ್ಯಬಹುದು ಅನ್ನೋದಕ್ಕೆ ಸಾಂಗ್ಲಿ ಕಡೆಯ ಸೈನಿಕ ಮುರಳಿಕಾಂತ್ ಪೇಟ್ಕರ್ ಅವರನ್ನ ನೋಡಿ. 1965ರ ಭಾರತ-ಪಾಕ್ ಯುದ್ಧದಲ್ಲಿ ಅವರ ಬೆನ್ನಿಗೆ ಗುಂಡು ಬಿತ್ತು. ಈಜಿಗೆ ಇಳಿದದ್ದು ಚಿಕಿತ್ಸೆಗಂತ. 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನ ಚಿನ್ನ ಗೆದ್ದರು.

ಮುಂದಿನ ಸಲ ಫಿಸಿಯೋ ಹತ್ರ ಒಂದು ಚೀಟಿ ಒಯ್ಯಿರಿ. ಏನು, ಯಾರ ಸಹಾಯದಿಂದ, ಯಾವ ತಾರೀಖಿನೊಳಗೆ ಅಂತ ಬರೆದಿರಲಿ. ಬರೆಸೋರು ಮಾತ್ರ ಪೆಟ್ಟಾದವರೇ ಆಗಿರಲಿ, ಮನೆಯ ಹಿರಿಯರಲ್ಲ.