ಮೋಟಾರು ಗಾಡಿಯೂ ದಂಡನೀತಿಯೂ

ಮೋಟಾರು ಗಾಡಿಯು ಶ್ರೀಮಂತರ ಮನೆಯ ಮುಂದೆ ಮಾತ್ರ ನಿಲ್ಲುತ್ತಿದ್ದ ಕಾಲವು ಎಂದೋ ಕಳೆಯಿತು. ಈಗ ಸಾಧಾರಣ ಗೃಹಸ್ಥನ ಮನೆಯಲ್ಲಿಯೂ ಒಂದು ಗಾಡಿ ಇರುವುದು. ಅದರ ಹಿಂದೆ ತೆರಿಗೆ, ವಿಮೆ, ಹೊಗೆಯ ಸರ್ಟಿಫಿಕೇಟು ಎಂಬ ಪರಿವಾರವೂ ಇರುವುದು. ಇವೆಲ್ಲದರ ಸಂಗಡ ಪೋಲೀಸಿನವರ ಮೇಲಿನ ದೂರೂ ಮನೆಯೊಳಕ್ಕೆ ಬಂದು ಸೇರಿರುವುದು. ನಮ್ಮಲ್ಲಿ ಓದಿದ ಹುಡುಗರ ಪೈಕಿ ಗಾಡಿಯ ಹುಚ್ಚು ಹಿಡಿದವರು ಕೆಲವರಿದ್ದಾರೆ. ಬೀದಿಯ ತಿರುವಿನಲ್ಲಿ ಎಂಜಿನ್ನಿನ ಶಬ್ದವನ್ನು ಕೇಳಿದ ಮಾತ್ರದಿಂದಲೇ ಅದು ಯಾವ ಕಂಪೆನಿಯದೆಂದು ಹೇಳಬಲ್ಲರು. ಸವರ್ಣದೀರ್ಘ ಸಂಧಿಯನ್ನು ಮಾತ್ರ ಈಗಲೂ ಬಿಡಿಸಲಾರರು. ಇವರು ನಮ್ಮ ಜಗಲಿಯಲ್ಲಿ ಕುಳಿತು ಕೇಳುವ ಪ್ರಶ್ನೆಗಳು ಅನೇಕ ಸಂಸಾರಗಳಿಗೆ ಸಂಬಂಧಿಸಿದವಾಗಿರುವುದರಿಂದ ಇಲ್ಲಿ ವಿಚಾರಿಸುತ್ತೇವೆ. ನಾವು ವಕೀಲರಲ್ಲ. ಆದರೆ ವ್ಯಾಕರಣ ಸೂತ್ರಗಳನ್ನು ಓದಿದವರಿಗೆ ಕಾಯಿದೆಯ ಪುಸ್ತಕವು ಅಷ್ಟೇನೂ ಅಪರಿಚಿತವೆಂದು ತೋರದು. ಉತ್ಸರ್ಗವೂ ಅಪವಾದವೂ ಅಲ್ಲಿಯೂ ಉಂಟು.

“ಮೇಷ್ಟ್ರೇ, ನಾನು ಏನೂ ತಪ್ಪು ಮಾಡದಿರುವಾಗ ಗಾಡಿಯನ್ನು ಏಕೆ ನಿಲ್ಲಿಸಬೇಕು?” ಎಂಬುದು ಮೊದಲನೆಯ ಪ್ರಶ್ನೆ. 1988ರ ಮೋಟಾರು ವಾಹನಗಳ ಕಾಯಿದೆಯ 130ನೆಯ ಕಲಮಿನ ಪ್ರಕಾರ, ಸಮವಸ್ತ್ರದಲ್ಲಿರುವ ಯಾವ ಪೋಲೀಸು ಅಧಿಕಾರಿಯು ಕೇಳಿದರೂ ಚಾಲಕನು ತನ್ನ ಲೈಸೆನ್ಸನ್ನು ತೋರಿಸತಕ್ಕದ್ದು. 2022ನೆಯ ಜೂನ್ ತಿಂಗಳಲ್ಲಿ ಅಂದಿನ ರಾಜ್ಯ ಪೋಲೀಸು ಮುಖ್ಯಸ್ಥರಾಗಿದ್ದ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದಲ್ಲಿ ಕಾಗದಪತ್ರಗಳ ತಪಾಸಣೆಗೆಂದೇ ಗಾಡಿಗಳನ್ನು ನಿಲ್ಲಿಸಕೂಡದೆಂದು ತಿಳಿಸಿದರು. ಕುಡಿದು ನಡೆಸುವವರ ತಪಾಸಣೆಯೊಂದು ಇದಕ್ಕೆ ಹೊರತು. ಇದು ಇಲಾಖೆಯು ತನ್ನವರಿಗೆ ಹಾಕಿಕೊಟ್ಟ ಕಟ್ಟಳೆಯೇ ಹೊರತು ಕಾಯಿದೆಯು ಕೊಟ್ಟ ಅಧಿಕಾರವನ್ನು ಅಳಿಸಿದುದಲ್ಲ. ಚಾಲಕನು ಕಟ್ಟಳೆಯನ್ನು ಹಿಡಿದು, ಪೋಲೀಸಿನವನು ಕಾಯಿದೆಯನ್ನು ಹಿಡಿದು ನಡುಬೀದಿಯಲ್ಲಿ ವಾದಕ್ಕೆ ನಿಂತರೆ ಇಬ್ಬರೂ ತಂತಮ್ಮ ಮಟ್ಟಿಗೆ ಸರಿಯೇ. ಹಿಂದೆ ನಿಂತ ಬಸ್ಸಿನವರು ಮಾತ್ರ ನಿರಪರಾಧಿಗಳು!

ಗಾಡಿಯ ಕೀಲಿಕೈಯನ್ನು ಕಿತ್ತುಕೊಳ್ಳುವ ಸಂಗತಿಯು ಬೇರೆ. ಲೈಸೆನ್ಸನ್ನು ವಶಪಡಿಸಿಕೊಂಡರೆ ರಸೀತಿಯನ್ನು ಕೊಡತಕ್ಕದ್ದೆಂದು 206ನೆಯ ಕಲಮು ಹೇಳುವುದು. ರಿಜಿಸ್ಟರಿ ಇಲ್ಲದ ಗಾಡಿಯನ್ನು ತಡೆಹಿಡಿಯಬಹುದೆಂದು 207ನೆಯ ಕಲಮು ಹೇಳುವುದು. ಓಡುತ್ತಿರುವ ಎಂಜಿನ್ನಿನಿಂದ ಕೀಲಿಕೈಯನ್ನು ಎಳೆದುಕೊಳ್ಳಬಹುದೆಂದು ಇವೆರಡರಲ್ಲಿಯೂ ಹೇಳಿಲ್ಲ. ಇದನ್ನು ಕುರಿತು ಹುಡುಗರು ಕೋಪಗೊಂಡರೆ ನಾವು ಅವರ ಪಕ್ಷವೇ. ಜುಲ್ಮಾನೆಯನ್ನು ಸ್ಥಳದಲ್ಲಿಯೇ ಸ್ವೀಕರಿಸುವುದು ಸರ್ಕಾರವು ಗೊತ್ತುಪಡಿಸಿದ ದರ್ಜೆಯ ಅಧಿಕಾರಿಗೆ ಮಾತ್ರ ಸಲ್ಲುವುದು, ಅದೂ ರಸೀತಿಯೊಡನೆ. ತಪ್ಪನ್ನು ಒಪ್ಪದವನು ಹಣ ಕೊಡದೆ ನ್ಯಾಯಾಲಯದಲ್ಲಿ ವಾದಿಸಬಹುದು.

ಕಾಗದಪತ್ರಗಳ ಗೊಂದಲವು ಈಗ ಕಡಮೆಯಾಗಿದೆ. ಡಿಜಿಲಾಕರಿನಲ್ಲಿಯೋ ಎಂ-ಪರಿವಾಹನದಲ್ಲಿಯೋ ಇರುವ ಲೈಸೆನ್ಸು, ರಿಜಿಸ್ಟರಿ ಮೊದಲಾದವುಗಳನ್ನು ಮೂಲಪ್ರತಿಗೆ ಸಮಾನವೆಂದು ಎಣಿಸತಕ್ಕದ್ದೆಂದು ಕೇಂದ್ರ ಸರ್ಕಾರವು 2018ರಲ್ಲಿಯೇ ರಾಜ್ಯಗಳಿಗೆ ತಿಳಿಸಿತು. ಮೊಬೈಲಿನಲ್ಲಿ ತೆಗೆದಿಟ್ಟ ಬರಿಯ ಚಿತ್ರವು ಇದಕ್ಕೆ ಸಮನಲ್ಲ. ಹೊಸ ಗಾಡಿಗೆ ಮೊದಲ ಒಂದು ವರ್ಷ ಹೊಗೆಯ ಸರ್ಟಿಫಿಕೇಟು ಬೇಕಿಲ್ಲ.

ಇನ್ನು ಅಲಂಕಾರದ ವಿಷಯ. ಇಲ್ಲಿ ನಮಗೂ ನಮ್ಮ ಶಿಷ್ಯರಿಗೂ ಭಿನ್ನಾಭಿಪ್ರಾಯವುಂಟು. ಕಾರಿನ ಮುಂದಿನ ಹಿಂದಿನ ಗಾಜುಗಳು ನೂರಕ್ಕೆ 70 ಪಾಲು, ಪಕ್ಕದವು 50 ಪಾಲು ಬೆಳಕನ್ನು ಒಳಕ್ಕೆ ಬಿಡತಕ್ಕದ್ದೆಂಬುದು ನಿಯಮ. 2012ನೆಯ ಏಪ್ರಿಲ್ ತಿಂಗಳಲ್ಲಿ ಸುಪ್ರೀಂ ಕೋರ್ಟು, ಬೆಳಕು ಎಷ್ಟೇ ಹಾಯ್ದರೂ ಗಾಜಿನ ಮೇಲೆ ಕಪ್ಪು ಫಿಲ್ಮನ್ನು ಅಂಟಿಸಕೂಡದೆಂದು ತೀರ್ಪಿತ್ತಿತು. ಆ ಬಳಿಕ ನಿಯಮವೇ ತಿದ್ದುಪಡಿಯಾಯಿತು. 2024ರ ಸೆಪ್ಟೆಂಬರಿನಲ್ಲಿ ಕೇರಳದ ಹೈಕೋರ್ಟು, ತಿದ್ದಿದ ನಿಯಮದ ಮಿತಿಯೊಳಗಿನ ಫಿಲ್ಮಿಗೆ ಜುಲ್ಮಾನೆ ಹಾಕಲಾಗದೆಂದು ಹೇಳಿತು. ಆ ತೀರ್ಪು ಕೇರಳದ್ದು. ನಮ್ಮ ಬೀದಿಯ ಪೋಲೀಸಿನವನು 2012ರ ತೀರ್ಪನ್ನೇ ಹಿಡಿದು ನಿಲ್ಲಿಸಿದರೆ ಆಶ್ಚರ್ಯವಿಲ್ಲ. ಕಾರ್ಖಾನೆಯಿಂದಲೇ ಮಿತಿಯೊಳಗೆ ಬಣ್ಣಗೊಂಡು ಬಂದ ಗಾಜಿಗೆ ಮಾತ್ರ ಯಾರ ಆಕ್ಷೇಪವೂ ಇಲ್ಲ.

ಗುಡುಗಿನಂತೆ ಗರ್ಜಿಸುವ ಸೈಲೆನ್ಸರಿನ ಬಗೆಗೆ ನಮಗೆ ಲೇಶವೂ ದಾಕ್ಷಿಣ್ಯವಿಲ್ಲ. ತಯಾರಕನು ರಿಜಿಸ್ಟರಿಗೆ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಲಾಗದೆಂದು 52ನೆಯ ಕಲಮು ಹೇಳುವುದು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ದೃಢಪಡಿಸಿತು. ಅದೇ ವರ್ಷದ ತಿದ್ದುಪಡಿಯು ಇಂತಹ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ಜುಲ್ಮಾನೆಯನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ವಿಧಿಸಿರುವುದು. ಮುಂಭಾಗಕ್ಕೆ ಬಿಗಿಯುವ ಕಬ್ಬಿಣದ ಕಂಬಿಯನ್ನು 2017ರ ಡಿಸೆಂಬರಿನಲ್ಲಿಯೇ ನಿಷೇಧಿಸಿದರು. ಆ ಕಂಬಿಯು ಗಾಡಿಯ ಅಂದವನ್ನು ಕಾಪಾಡುವುದೇನೋ ಸರಿ. ಅದು ತಾಗಿದ ಪಾದಚಾರಿಯ ಗತಿ?

ವೇಗವನ್ನು ಹಿಡಿಯುವ ಯಂತ್ರಗಳ ಮೇಲೆ ದೂರುಗಳು ಹೇರಳ. “ಮರದ ಮರೆಯಲ್ಲಿ ನಿಂತು ಹಿಡಿಯುವುದು ಧರ್ಮವೆ?” ಎಂದು ಒಬ್ಬನು ಕೇಳಿದನು. ಮರೆಯಲ್ಲಿ ನಿಂತು ಬಾಣ ಬಿಟ್ಟ ಪ್ರಸಂಗವನ್ನು ಕುರಿತು ರಾಮಾಯಣ ಕಾಲದಿಂದಲೂ ಚರ್ಚೆಯಿದೆ, ಅದಿನ್ನೂ ತೀರಿಲ್ಲ. ಆದರೆ ಕಣ್ಗಾವಲಿನ ಯಂತ್ರವಿರುವ ಸ್ಥಳದಲ್ಲಿ ಎಚ್ಚರಿಕೆಯ ಫಲಕವಿರಬೇಕೆಂದೂ, ಯಂತ್ರಕ್ಕೆ ಪ್ರಮಾಣಪತ್ರವಿರಬೇಕೆಂದೂ, ನೋಟೀಸನ್ನು 15 ದಿನಗಳೊಳಗೆ ಕಳುಹಿಸಬೇಕೆಂದೂ 2021ನೆಯ ಆಗಸ್ಟಿನಲ್ಲಿ ಬಂದ ನಿಯಮಗಳು ಹೇಳಿದವು. ದೂರುವವರು ಇವನ್ನು ಹಿಡಿದು ದೂರಿದರೆ ಅದಕ್ಕೆ ಬೆಲೆಯುಂಟು. ಗಂಟೆಗೆ 130 ಕಿಲೋಮೀಟರನ್ನು ಮೀರಿದವರ ಮೇಲೆ ಮೊಕದ್ದಮೆ ಹೂಡುವುದಾಗಿ ನಮ್ಮ ರಾಜ್ಯದ ಪೋಲೀಸರು 2024ರ ಆಗಸ್ಟ್ 1ರಿಂದ ಕ್ರಮ ಕೈಗೊಂಡುದು ವಿನಾಕಾರಣವಲ್ಲ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ನೆಯ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನರು ಸತ್ತರು. ಅವರಲ್ಲಿ ಹತ್ತಕ್ಕೆ ಏಳು ಜನರ ಮರಣವು ಅತಿವೇಗದ ಲೆಕ್ಕಕ್ಕೆ ಸೇರಿದ್ದು. ಅಂತೆಯೇ, ಕೆಟ್ಟ ರಸ್ತೆಯನ್ನು ಮಾಡಿ ಅದರಿಂದ ಪ್ರಾಣಹಾನಿಗೆ ಕಾರಣರಾದ ಅಧಿಕಾರಿಗಳಿಗೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ ಹಾಕಬಹುದೆಂದು 198-ಎ ಕಲಮಿನಲ್ಲಿದೆ. ಚಾಲಕನ ಮೇಲಿನ ಕಲಮುಗಳನ್ನು ಕಂಠಪಾಠ ಮಾಡಿರುವ ಜನರು ಈ ಕಲಮಿನ ಹೆಸರನ್ನೂ ಎತ್ತುವುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರಷ್ಟೆ. ದಂಡವು ತೀಕ್ಷ್ಣವಾದರೆ ಜನ ಹೆದರುವರು, ಮೃದುವಾದರೆ ತಿರಸ್ಕರಿಸುವರು, ಯಥಾರ್ಹವಾದರೆ ಗೌರವಿಸುವರು ಎಂಬುದು ಅವನ ಅಭಿಪ್ರಾಯ. 2023ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರವು ಬಾಕಿಯಿದ್ದ ಜುಲ್ಮಾನೆಗಳನ್ನು ಅರ್ಧಕ್ಕೆ ಇಳಿಸಿತು; ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗಳಿಗೆ ಮೀರಿ ವಸೂಲಾಯಿತು. 2025ರ ಆಗಸ್ಟಿನಲ್ಲಿ ಮತ್ತೆ ಅದೇ ರಿಯಾಯಿತಿ. ಬೊಕ್ಕಸಕ್ಕೆ ಲಾಭವಾಯಿತು, ನಿಜ. ಆದರೆ ನೋಟೀಸು ಬಂದ ಮರುದಿನವೇ ಪೂರ್ತಿ ಹಣ ಕಟ್ಟಿದ ಪ್ರಾಮಾಣಿಕನು ಮಾಡಿದ ತಪ್ಪೇನು? ನಮ್ಮ ಶಿಷ್ಯರಲ್ಲಿ ಒಬ್ಬನು ಈಗ ಚಲನ್ನುಗಳನ್ನು ಬೇಕೆಂದೇ ಕೂಡಿಸಿಟ್ಟುಕೊಂಡು ಮುಂದಿನ ರಿಯಾಯಿತಿಯನ್ನು ಕಾಯುತ್ತಿದ್ದಾನೆ. ಇದು ಯಥಾರ್ಹವೆಂದು ನಮಗೆ ತೋರುವುದಿಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ವಿಧಿಯುಂಟು: ಬಂಡಿಯನ್ನು ಬಾಲಕನು ಹೊಡೆಯುತ್ತಿದ್ದರೆ ಅದರಲ್ಲಿ ಕುಳಿತ ಒಡೆಯನೇ ದಂಡಕ್ಕೆ ಗುರಿ, ಬಾಲಕನ ವಶದಲ್ಲಿರುವ ಬಂಡಿಯನ್ನು ರಾಜನು ವಶಪಡಿಸಿಕೊಳ್ಳಬೇಕು. 2019ರ ತಿದ್ದುಪಡಿಯ 199-ಎ ಕಲಮನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಪ್ರಾಪ್ತ ವಯಸ್ಕನು ಗಾಡಿ ನಡೆಸಿ ಅಪರಾಧವೆಸಗಿದರೆ ಪೋಷಕನಿಗೋ ಒಡೆಯನಿಗೋ ಮೂರು ವರ್ಷಗಳವರೆಗೆ ಸೆರೆ ಮತ್ತು 25,000 ರೂಪಾಯಿ ಜುಲ್ಮಾನೆ. ಗಾಡಿಯ ರಿಜಿಸ್ಟರಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವಯಸ್ಸು ತುಂಬುವವರೆಗೆ ಲೈಸೆನ್ಸಿಲ್ಲ. ತನಗೆ ತಿಳಿಯದಂತೆ ನಡೆಯಿತೆಂದು ತೋರಿಸುವ ಭಾರವು ತಂದೆಯದೇ. ಹದಿನಾರರ ಹುಡುಗನನ್ನು ಗಾಡಿಯಲ್ಲಿ ಟ್ಯೂಷನ್ನಿಗೆ ಕಳುಹಿಸುವ ತಾಯಂದಿರು ನಮ್ಮ ಬೀದಿಯಲ್ಲಿಯೇ ಮೂವರಿದ್ದಾರೆ. ಪೋಲೀಸಿನವನು ಆ ಹುಡುಗನನ್ನು ನಿಲ್ಲಿಸಿದಾಗ ಅವರು ಗೊಣಗುವುದನ್ನು ನಾವು ಕೇಳಿದ್ದೇವೆ.

ಕೊನೆಯದಾಗಿ, ಮಾರಿದ ಗಾಡಿಯ ಸಂಗತಿ. ಹಳೆಯ ಕಾರನ್ನು ಪರಿಚಿತನಿಗೆ ಮಾರಿ, ಹಣವೆಣಿಸಿಕೊಂಡು, ಕಾಗದಕ್ಕೆ ರುಜು ಹಾಕಿ ಮರೆತುಬಿಟ್ಟ ಗೃಹಸ್ಥರು ಅನೇಕರು. ಕೊಂಡವನು ಹೆಸರು ಬದಲಾಯಿಸಿಕೊಳ್ಳದೆ ಓಡಿಸುವನು. ಯಂತ್ರವು ಕಳುಹಿಸುವ ನೋಟೀಸು ಮಾರಿದವನ ಮನೆಗೇ ಬರುವುದು. ಜುಲ್ಮಾನೆಯಷ್ಟಕ್ಕೇ ಮುಗಿದರೆ ಪುಣ್ಯ. ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದ ಗಾಡಿಯೊಂದರ ಅಪಘಾತದಲ್ಲಿ, ರಿಜಿಸ್ಟರಿಯಲ್ಲಿ ಹೆಸರಿದ್ದ ಮೊದಲಿನವನೇ ಪರಿಹಾರಕ್ಕೆ ಹೊಣೆಯೆಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ರಾಜ್ಯದೊಳಗೇ ಮಾರಿದರೆ 14 ದಿನಗಳೊಳಗೆ ಆರ್.ಟಿ.ಓ. ಕಛೇರಿಗೆ ತಿಳಿಸತಕ್ಕದ್ದೆಂದು 50ನೆಯ ಕಲಮಿನಲ್ಲಿದೆ. ಅದಕ್ಕೆ 29 ಮತ್ತು 30ನೆಯ ನಮೂನೆಗಳುಂಟು. ಕೊಂಡವನು ಮಾಡಿಸುವನೆಂದು ಬಿಡದೆ ತಾವೇ ಸಲ್ಲಿಸಿ, ಹೆಸರು ಬದಲಾದುದನ್ನು ಕಣ್ಣಾರೆ ನೋಡತಕ್ಕದ್ದು. ಹಾಗೆಯೇ ಮನೆಯಲ್ಲಿರುವ ಗಾಡಿಯ ರಿಜಿಸ್ಟರಿಯಲ್ಲಿ ಯಾರ ಮೊಬೈಲು ಸಂಖ್ಯೆ ಇದೆಯೆಂದು ಒಮ್ಮೆ ವಿಚಾರಿಸಿ. ಮಾರಾಟಗಾರನ ಅಂಗಡಿಯ ಸಂಖ್ಯೆಯೇ ಅಲ್ಲಿ ಉಳಿದಿದ್ದರೆ ನೋಟೀಸುಗಳೆಲ್ಲ ಅವನಿಗೆ ಹೋಗುವುವು.