ಒಂದು ನಿಮಿಷ ಉಸಿರು ಎಣಿಸಿ

ಮಗುವಿನ ಮೈ ಬಿಸಿ ಎನಿಸಿದರೆ ತಾಯಿಯ ಕೈ ಮೊದಲು ಹೋಗುವುದು ಹಣೆಗೆ. ಅಜ್ಜಿ ಇದ್ದರೆ ಮುಂಗೈ ಹಿಡಿದು ನಾಡಿ ನೋಡುತ್ತಾಳೆ. ಥರ್ಮಾಮೀಟರ್ ಇದ್ದರೆ ಅದೂ ಪೆಟ್ಟಿಗೆಯಿಂದ ಹೊರಬರುತ್ತದೆ. ಆದರೆ ಮಗುವಿನ ಎದೆ ನಿಮಿಷಕ್ಕೆ ಎಷ್ಟು ಬಾರಿ ಏರಿಳಿಯುತ್ತಿದೆ ಎಂದು ಎಣಿಸುವವರು ಎಷ್ಟು ಮಂದಿ?

ದೇಹದ ಉಷ್ಣತೆ, ನಾಡಿಬಡಿತ, ರಕ್ತದೊತ್ತಡ, ಉಸಿರಾಟ - ರೋಗಿಯ ಸ್ಥಿತಿ ತಿಳಿಯಲು ವೈದ್ಯರು ಮೊದಲು ನೋಡುವ ಜೀವಲಕ್ಷಣಗಳಿವು. ಮೊದಲ ಮೂರಕ್ಕೆ ಇಂದು ಬಗೆಬಗೆಯ ಯಂತ್ರಗಳಿವೆ. ಉಸಿರಿಗೆ ಬೇಕಾದದ್ದು ಸೆಕೆಂಡಿನ ಮುಳ್ಳಿರುವ ಗಡಿಯಾರ ಮತ್ತು ತಾಳ್ಮೆ. ಬಹುಶಃ ಅದಕ್ಕೇ ಅದು ಅಲಕ್ಷ್ಯಕ್ಕೆ ಒಳಗಾಗಿದೆ. ಆಸ್ಪತ್ರೆಯ ಚಾರ್ಟುಗಳಲ್ಲಿ ಅಂದಾಜಿನಲ್ಲೇ 18, 20 ಎಂದು ಬರೆದುಬಿಡುವುದುಂಟು. ಆರೋಗ್ಯವಂತ ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20 ಇರುವುದರಿಂದ ಆ ಸಂಖ್ಯೆ ಯಾರಿಗೂ ತಪ್ಪೆನಿಸುವುದಿಲ್ಲ! ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುವುದು ಇನ್ನೊಂದು ತೊಡಕು. ಅನುಭವಿ ನರ್ಸುಗಳು ನಾಡಿ ನೋಡುವವರಂತೆ ಕೈ ಹಿಡಿದುಕೊಂಡೇ ಕಣ್ಣಿನಲ್ಲಿ ಉಸಿರು ಎಣಿಸಿ ಮುಗಿಸುತ್ತಾರೆ.

ಪುಟ್ಟ ಮಕ್ಕಳಲ್ಲಿ ಈ ಎಣಿಕೆ ಜೀವ ಉಳಿಸಬಲ್ಲದು. ನ್ಯುಮೋನಿಯಾ ಬಂದಾಗ ಶ್ವಾಸಕೋಶದ ಗಾಳಿಚೀಲಗಳಲ್ಲಿ ಕೀವು, ದ್ರವ ತುಂಬಿ ಶ್ವಾಸಕೋಶ ಬಿಗಿಯಾಗುತ್ತದೆ. ಆಳವಾಗಿ ಉಸಿರೆಳೆಯಲಾಗದ ಮಗು ಚಿಕ್ಕಚಿಕ್ಕ ಉಸಿರುಗಳನ್ನು ಬೇಗಬೇಗ ಎಳೆಯತೊಡಗುತ್ತದೆ. ಎಕ್ಸ್‌ರೇ ಇಲ್ಲದ ಕಡೆ ಇದನ್ನೇ ಗುರುತಾಗಿ ಬಳಸಬಹುದೆಂದು ಪಾಪುವಾ ನ್ಯೂಗಿನಿಯಲ್ಲಿ ಕೆಲಸ ಮಾಡಿದ ಫ್ರಾಂಕ್ ಶಾನ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದರು. ವಯಸ್ಸಿಗೆ ತಕ್ಕಂತೆ ಮಿತಿಯೂ ಬೇರೆ ಇರಬೇಕೆಂಬುದು 1988ರಲ್ಲಿ ಪ್ರಕಟವಾದ ವೆಲ್ಲೂರಿನ ವೈದ್ಯರ ಅಧ್ಯಯನದಿಂದ ಕಂಡುಬಂತು. ಕೆಮ್ಮು ಅಥವಾ ಉಸಿರಾಟದ ತೊಂದರೆ ಇರುವ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಹೀಗಿದೆ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಅಲ್ಲಿಂದ ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಈ ಎಣಿಕೆಯನ್ನು ಹಳ್ಳಿಯವರ ಕೈಗೇ ಕೊಟ್ಟರು. ತರಬೇತಿ ಪಡೆದ ಹಳ್ಳಿಯ ಕಾರ್ಯಕರ್ತರು, ಸೂಲಗಿತ್ತಿಯರು ನ್ಯುಮೋನಿಯಾ ಗುರುತಿಸಿ ಔಷಧಿ ಕೊಟ್ಟ ಊರುಗಳಲ್ಲಿ ಆ ರೋಗದಿಂದ ಸಾಯುವ ಮಕ್ಕಳ ಪ್ರಮಾಣ ಇತರ ಊರುಗಳ ಅರ್ಧಕ್ಕಿಂತ ಕಡಿಮೆಯಾಗಿತ್ತು. ಈ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಐವತ್ತರವರೆಗೆ ಎಣಿಸಲು ಬಾರದವರು ಏನು ಮಾಡಬೇಕು? ಅವರಿಗಾಗಿ ಈ ದಂಪತಿ ಮರಳಿನ ಗಡಿಯಾರ ಮತ್ತು ಮಣಿಗಳ ಪುಟ್ಟ ಸಾಧನವೊಂದನ್ನು ರೂಪಿಸಿದರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಒಂದು ನಿಮಿಷದ ಮರಳು ಬಿದ್ದು ಮುಗಿಯುವ ಮೊದಲೇ ಕೆಂಪು ಮಣಿಯ ಸರದಿ ಬಂದರೆ ನ್ಯುಮೋನಿಯಾ ಎಂದು ತಿಳಿಯುವುದು.

ಮನೆಯಲ್ಲಿ ಎಣಿಸುವುದು ಕಷ್ಟವಲ್ಲ. ಹೈಸ್ಕೂಲಿನ ಅಣ್ಣನೋ ಅಕ್ಕನೋ ಗಡಿಯಾರ ಹಿಡಿಯಬಹುದು. ಮಗು ಅಳುತ್ತಿರುವಾಗ, ಹಾಲು ಕುಡಿಯುತ್ತಿರುವಾಗ ಬೇಡ, ಶಾಂತವಾಗಿರಲಿ. ಅಂಗಿ ಮೇಲಕ್ಕೆತ್ತಿ ಎದೆ ಅಥವಾ ಹೊಟ್ಟೆಯನ್ನು ನೋಡಬೇಕು. ಒಮ್ಮೆ ಏರಿ ಇಳಿದರೆ ಒಂದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ನಡೆಯದು. ಎಳೆಗೂಸು ಕೆಲವು ಉಸಿರು ಸರಸರನೆ ಎಳೆದು, ತುಸು ನಿಲ್ಲಿಸಿ, ಮತ್ತೆ ಶುರುಮಾಡುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಹೆಚ್ಚೆನಿಸಿದರೆ ಇನ್ನೊಮ್ಮೆ.

ಸಂಖ್ಯೆ ಎಷ್ಟೇ ಇರಲಿ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ, ಫಿಟ್ಸ್ ಬಂದರೆ ಎಣಿಸುತ್ತಾ ಕೂರದೆ ಆಸ್ಪತ್ರೆಗೆ ಹೊರಡಬೇಕು. ಉಳಿದಂತೆ, ಎಣಿಸಿದ ಸಂಖ್ಯೆ ಮತ್ತು ಎಣಿಸಿದ ವೇಳೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅನುಕೂಲ.