ಬರಗಾಲದ ಮನೆಮಾತು: ‘ಕೆರೆಗೆ ಹಾರ’ದ ತೌರುಮನೆಯ ಭಾಗದ ವಿಚಾರ

ಶಿರಸಿ ತಾಲೂಕಿನ ವಾನಳ್ಳಿಯಂತಹ ಊರಿನ ಶಾಲೆಯಲ್ಲಿ ‘ಕೆರೆಗೆ ಹಾರ’ವೆಂಬ ಕಥನಗೀತವನ್ನು ಬೋಧಿಸಬೇಕಾದ ಉಪಾಧ್ಯಾಯನಿಗೆ ಮೊದಲ ಸಾಲುಗಳಲ್ಲಿಯೇ ಒಂದು ತೊಡಕು ಎದುರಾಗುವುದು ಸಹಜ. ಕೆರೆಯನ್ನು ಕಟ್ಟಿಸಿದರೂ ಅದರಲ್ಲಿ ಬೊಗಸೆ ನೀರು ಬಾರದೆಂಬುದು ಮಲೆನಾಡಿನ ಮಗುವಿನ ಮನಸ್ಸಿಗೆ ಸುಲಭವಾಗಿ ಹಿಡಿಯುವ ಮಾತಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಮುಂಗಾರಿನ ನಾಲ್ಕು ತಿಂಗಳು ಜನರಿಗೆ ಬೇಕಾಗುವುದು ನೀರಲ್ಲ, ಹೊಳವು. ಮಳೆ ಬಿಡದೆ ಹಿಡಿಯಿತೆಂದರೆ ಅಡಕೆಯ ಗೊನೆಗಳಿಗೆ ಕೊಳೆ ತಗಲಿ, ಹಸಿ ಕಾಯಿಗಳು ಮರದ ಬುಡದಲ್ಲಿ ಉದುರಿ ಬೀಳುತ್ತವೆ. ಈ ರೋಗಕ್ಕೆ ಕಾರಣವಾದ ಬೂಷ್ಟನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಕೋಲ್ಮನ್ನನು ೧೯೧೦ರಲ್ಲಿ ವಿವರಿಸುವುದಕ್ಕಿಂತ ಬಹಳ ಮೊದಲೇ, ತೋಟಿಗರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವ ಉಪಾಯವನ್ನು ಬಲ್ಲವರಾಗಿದ್ದರು. ಬಯಲುನಾಡಿನ ರೈತನು ಮಳೆಗಾಗಿ ಹರಕೆ ಹೊತ್ತರೆ ಇಲ್ಲಿಯವನು ಮಳೆಯ ವಿರುದ್ಧ ಕೊಟ್ಟೆ ಹೊಲೆಯುತ್ತಾನೆ.

ಹಾಗೆಂದು ಈ ಸೀಮೆಗೆ ಬರದ ಪರಿಚಯವೇ ಇಲ್ಲವೆಂದು ತಿಳಿಯಲಾಗದು. ೨೦೨೩ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ ೨೩೬ ತಾಲೂಕುಗಳ ಪೈಕಿ ೨೨೩ನ್ನು ಸರಕಾರವು ಬರಪೀಡಿತವೆಂದು ಸಾರಬೇಕಾಯಿತು. ಇಷ್ಟು ದೊಡ್ಡ ಪಟ್ಟಿಯಲ್ಲಿ ಮಲೆನಾಡಿನ ತಾಲೂಕುಗಳೂ ಸೇರದೆ ಇರುವುದು ಶಕ್ಯವಿರಲಿಲ್ಲ. ಆದರೆ ಉಪಾಧ್ಯಾಯನ ತೊಡಕಿಗೆ ಪರಿಹಾರವು ಮಳೆಯ ಲೆಕ್ಕದಲ್ಲಿಲ್ಲ, ಹಾಡಿನಲ್ಲಿಯೇ ಇದೆ. ‘ಕೆರೆಗೆ ಹಾರ’ವು ನೀರಿನ ಕಥೆಯಾಗಿರುವಷ್ಟೇ ಮಟ್ಟಿಗೆ, ಇಕ್ಕಟ್ಟಿನ ಕಾಲದಲ್ಲಿ ಮನೆಯವರು ತಮ್ಮೊಳಗೆ ಏನನ್ನು ಮಾತಾಡುತ್ತಾರೆ, ಏನನ್ನು ಮಾತಾಡದೆ ಉಳಿಯುತ್ತಾರೆ ಎಂಬುದರ ಕಥೆಯೂ ಆಗಿದೆ. ಈ ದೃಷ್ಟಿಯಿಂದ ನೋಡಿದಾಗ ಹಾಡಿನ ತಿರುಳು ಕೆರೆಯ ಮೆಟ್ಟಿಲುಗಳ ಮೇಲಿರದೆ ಭಾಗೀರಥಿಯ ತೌರುಮನೆಯ ಭಾಗದಲ್ಲಿದೆಯೆಂದು ತೋರುತ್ತದೆ. ಕೊನೆಯ ಭಾಗದ ಕರುಣರಸಕ್ಕೆ ಮನಸೋತ ವಿಮರ್ಶಕರು ತೌರುಮನೆಯ ಭಾಗವನ್ನು ಬರಿಯ ಪುನರುಕ್ತಿಯೆಂದು ದಾಟಿಹೋಗುವುದುಂಟು. ಪಾಠಕ್ಕಾಗಿ ಹಾಡನ್ನು ಮೊಟಕುಗೊಳಿಸುವವನ ಕತ್ತರಿಯೂ ಮೊದಲು ಬೀಳುವುದು ಅಲ್ಲಿಯೇ.

ಕಥೆಯು ವಾಚಕರಿಗೆ ವಿದಿತವೇ ಇದೆ. ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಹೊತ್ತಗೆ ತೆಗೆಸಿ ಕೇಳಲಾಗಿ ಸೊಸೆಯನ್ನು ಹಾರ ಕೊಡಬೇಕೆಂಬ ಮಾತು ಬರುತ್ತದೆ. ಯಾವ ಸೊಸೆಯನ್ನು? ಹಿರಿಯಳನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಕೊರತೆ. ಆದುದರಿಂದ ಕಿರಿಯಳಾದ ಭಾಗೀರಥಿಯಾಗಲಿ ಎಂದು ತೀರ್ಮಾನವಾಗುತ್ತದೆ. ಪಾಠಗಳಲ್ಲಿ ಅಲ್ಪಸ್ವಲ್ಪ ಭೇದಗಳಿದ್ದರೂ ಈ ಲೆಕ್ಕಾಚಾರದ ಧಾಟಿಯು ಗಮನಿಸತಕ್ಕದ್ದು. ದೇವರ ಕೋಪ, ಪೂರ್ವಜನ್ಮದ ಋಣ ಮೊದಲಾದ ದೊಡ್ಡ ಮಾತುಗಳು ಇಲ್ಲಿಲ್ಲ. ಯಾರಿಲ್ಲದಿದ್ದರೆ ಮನೆ ನಡೆದೀತು ಎಂಬುದೊಂದೇ ಪ್ರಶ್ನೆ. ಭಾಗೀರಥಿಯ ಗಂಡ ಮಾದೇವರಾಯನು ದಂಡಿನಲ್ಲಿದ್ದಾನೆ. ಮನೆಯ ಹಿರಿಯರು ಕೂಡಿ ಆಡಿದ ಮಾತಿನಲ್ಲಿ ಅವಳ ಪರವಾಗಿ ಒಂದು ಮಾತು ಎತ್ತಬಲ್ಲವನು ಊರಿನಲ್ಲಿಯೇ ಇಲ್ಲ.

ಕೆರೆ ಕಟ್ಟಿಸುವುದು ನಮ್ಮ ಹಿರಿಯರಲ್ಲಿ ಎಂಥ ಗೌರವದ ಕಾರ್ಯವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಸಪ್ತಸಂತಾನಗಳೆಂದು ಎಣಿಸುವಲ್ಲಿ ತಟಾಕವೂ ಪುತ್ರನೂ ಒಂದೇ ಪಂಕ್ತಿಯಲ್ಲಿ ಕುಳಿತಿರುವರಷ್ಟೆ. ಒಂದು ಸಂತಾನವನ್ನು ಉಳಿಸಿಕೊಳ್ಳುವುದಕ್ಕಾಗಿ, ಇನ್ನೊಂದು ಸಂತಾನವನ್ನು ಹೆರಬೇಕಾದವಳನ್ನು ಕೊಡುವುದು ಈ ಕಥೆಯೊಳಗಿನ ವಿಪರೀತ. ಹಾಡಿದ ಹೆಂಗಸರಿಗೆ ಶಾಸ್ತ್ರದ ಎಣಿಕೆ ತಿಳಿದಿತ್ತೋ ಇಲ್ಲವೋ, ಈ ವಿಪರೀತವಂತೂ ತಿಳಿದಿತ್ತು.

ಇನ್ನು ತೌರುಮನೆಯ ಭಾಗ. ತನ್ನ ವಿಷಯದ ತೀರ್ಮಾನವು ಕಿವಿಗೆ ಬಿದ್ದಮೇಲೆ ಭಾಗೀರಥಿಯು ತೌರಿಗೆ ಹೋಗುತ್ತಾಳೆ. ಬಾಡಿದ ಮೋರೆಯನ್ನು ಕಂಡು ತಂದೆ ಕಾರಣ ಕೇಳುತ್ತಾನೆ. ಅತ್ತೆಮಾವಂದಿರು ತನ್ನನ್ನು ಬೇರೆ ಇಡುತ್ತಾರಂತೆ ಎಂದು ಅವಳು ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲಮನೆಯನ್ನು ಕೊಡುವೆನೆಂದು ತಂದೆಯ ಸಮಾಧಾನ. ಆ ಹೊಲಮನೆಗೆ ಬೆಂಕಿ ಬೀಳಲೆಂಬಂತೆ ಆಕೆಯ ಉತ್ತರ. ತಾಯಿಯೂ ಅದೇ ಪ್ರಶ್ನೆಯನ್ನು ಕೇಳಿ, ಅದೇ ಉತ್ತರವನ್ನು ಪಡೆದು, ಕಿವಿಯ ಓಲೆಯನ್ನು ಕೊಡುವೆನೆನ್ನುತ್ತಾಳೆ. ಅಕ್ಕನು ತನ್ನ ಮಕ್ಕಳನ್ನೇ ಕೊಡುವೆನೆನ್ನುತ್ತಾಳೆ. ಎರಡನ್ನೂ ಭಾಗೀರಥಿ ಅದೇ ಕಹಿಯಿಂದ ತಳ್ಳಿಹಾಕುತ್ತಾಳೆ. ಕಡೆಗೆ ಗೆಳತಿಯ ಮನೆಗೆ ಹೋದಾಗ ಮಾತ್ರ ಇದ್ದುದನ್ನು ಇದ್ದಂತೆ ಹೇಳುತ್ತಾಳೆ. ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು ಎಂಬ ಅರ್ಥದ ಒಂದು ಮಾತನ್ನು ಗೆಳತಿ ಆಡುತ್ತಾಳೆ. ಇಷ್ಟೇ.

ಒಂದೇ ಪ್ರಶ್ನೆ, ಒಂದೇ ಉತ್ತರಗಳ ಈ ಮರುಕಳಿಕೆಯು ಜನಪದಗೀತಗಳ ಸಾಮಾನ್ಯ ಲಕ್ಷಣವೆಂದು ಆಕ್ಷೇಪಿಸಬಹುದು. ನಿಜವೇ. ಆದರೆ ಮರುಕಳಿಸುವ ಚೌಕಟ್ಟಿನೊಳಗೆ ಯಾವುದು ಬದಲಾಗುತ್ತದೆಯೋ ಅಲ್ಲಿಯೇ ಹಾಡುವವಳ ಲಕ್ಷ್ಯವಿರುತ್ತದೆ. ಇಲ್ಲಿ ಬದಲಾಗುವುದು ಕೊಡುವೆನೆಂದ ವಸ್ತು. ತಂದೆಯದು ಭೂಮಿ, ತಾಯಿಯದು ಒಡವೆ, ಅಕ್ಕನದು ಮಕ್ಕಳು. ಬರಗಾಲದಲ್ಲಿ ಒಕ್ಕಲು ಮನೆತನಕ್ಕೆ ಇರುವ ಆಸರೆಗಳೆಲ್ಲ ಈ ಮೂರರಲ್ಲಿ ಅಡಕವಾಗಿವೆ: ಒತ್ತೆಯಿಡಬಹುದಾದ ನೆಲ, ಮಾರಬಹುದಾದ ಬಂಗಾರ, ದುಡಿಯಬಲ್ಲ ಕೈಗಳು. ಒಂದೊಂದು ಆಸರೆಯೂ ಅದನ್ನು ಕೊಡುವ ಅಧಿಕಾರವುಳ್ಳವರ ಬಾಯಿಂದಲೇ ಬರುವುದು ಸೊಗಸಾಗಿದೆ. ನೆಲದ ಮಾತನ್ನು ತಾಯಿ ಆಡಲಾರಳು. ಸ್ತ್ರೀಧನವಾದ ಓಲೆಯ ಮಾತು ತಂದೆಗೆ ಸಲ್ಲದು. ತೌರಿನವರು ಜಿಪುಣರಲ್ಲ, ಕಲ್ಲೆದೆಯವರೂ ಅಲ್ಲ. ತಮಗೆ ತಿಳಿದ ಕಷ್ಟಕ್ಕೆ ತಮ್ಮ ಕೈಯಲ್ಲಿದ್ದ ಪರಿಹಾರವನ್ನು ತಡಮಾಡದೆ ಮುಂದೆ ನೀಡುತ್ತಾರೆ. ತಿಳಿಸಿದ ಕಷ್ಟವೇ ಬೇರೆಯಾಗಿರುವುದರಿಂದ ಅವರ ಔದಾರ್ಯವೆಲ್ಲ ಗುರಿ ತಪ್ಪುತ್ತದೆ.

ಭಾಗೀರಥಿಯು ಆರಿಸಿಕೊಂಡ ನೆವವೂ ವಿಚಾರಣೀಯವಾಗಿದೆ. ಬೇರೆ ಇಡುವುದೆಂದರೆ ಪಾಲು ಮಾಡಿ ಹೊರಗಿಡುವುದು. ಬೆಳೆ ಹೋದ ವರ್ಷ, ಸಾಲ ಏರಿದ ವರ್ಷ ಅವಿಭಕ್ತ ಮನೆಯಲ್ಲಿ ಮೊದಲು ಕೇಳಿಬರುವ ಗುಸುಗುಸು ಇದೇ. ಅಂದರೆ ಯಾರೂ ಸಂಶಯಪಡದಂತಹ, ಕಾಲಕ್ಕೆ ಒಪ್ಪುವ ಕಷ್ಟವೊಂದನ್ನು ಆಕೆ ಮುಂದಿಟ್ಟಳು. ಅದು ಪೂರ್ಣ ಸುಳ್ಳೂ ಅಲ್ಲ. ಅವಳನ್ನು ನಿಜವಾಗಿಯೂ ಮನೆಯಿಂದ ಬೇರೆ ಮಾಡುತ್ತಿದ್ದರು. ಆಡಬಹುದಾದ ಕಷ್ಟದ ಹೆಸರಿನಲ್ಲಿ ಆಡಲಾಗದ ಕಷ್ಟವನ್ನು ಸೂಚಿಸಿ, ಕೇಳಿದವರು ತಾವಾಗಿ ಅರಿತಾರೋ ಏನೋ ಎಂದು ಆಕೆ ಮೂರು ಸಲ ಕಾದು ನೋಡಿದಳೆಂದು ಈ ಭಾಗವನ್ನು ಓದಬಹುದಾಗಿದೆ. ಹೊಲಕ್ಕೂ ಓಲೆಗೂ ಬೆಂಕಿ ಬೀಳಲೆನ್ನುವಲ್ಲಿಯ ಸಿಟ್ಟು ಇಲ್ಲದಿದ್ದರೆ ವಿವರಣೆಗೆ ಸಿಕ್ಕುವುದಿಲ್ಲ. ಭಾಗೀರಥಿಯನ್ನು ನಗುಮೊಗದ ತ್ಯಾಗಮೂರ್ತಿಯೆಂದು ಮಾತ್ರ ಬಣ್ಣಿಸುವವರು ಈ ಸಿಟ್ಟಿಗೆ ಏನು ಹೇಳುವರು?

ಗೆಳತಿಯ ಬಳಿಯಲ್ಲಿ ಕೊಡುವುದಕ್ಕೆ ಏನೂ ಇಲ್ಲ. ಮನೆತನದ ಮಾನಕ್ಕೂ ಅವಳಿಗೂ ಸಂಬಂಧವಿಲ್ಲ. ಆದ್ದರಿಂದಲೇ ನಿಜವನ್ನು ಅಲ್ಲಿ ಹೇಳುವುದು ಸಾಧ್ಯವಾಯಿತು. ಆದ್ದರಿಂದಲೇ ಅದು ನಿಷ್ಫಲವೂ ಆಯಿತು. ಮುಂದೆ ಮಾದೇವರಾಯನು ದಂಡಿನಲ್ಲಿ ಕೆಟ್ಟ ಕನಸು ಕಂಡು ಓಡಿಬಂದಾಗ ಇದೇ ದಾರಿಯನ್ನು ತಿರುಗಿ ತುಳಿಯುತ್ತಾನೆ. ಅವನ ಮನೆಯವರು ಅವಳು ತೌರಿಗೆ ಹೋದಳೆನ್ನುತ್ತಾರೆ, ತೌರಿನವರು ಗೆಳತಿಯ ಮನೆಯನ್ನು ತೋರಿಸುತ್ತಾರೆ. ನಡೆದುದನ್ನು ಹೇಳುವವಳು ಗೆಳತಿಯೊಬ್ಬಳೇ. ಭಾಗೀರಥಿಯ ಮಾತು ಎಲ್ಲಿ ನಿಂತಿತ್ತೋ ಅಲ್ಲಿಯೇ ಅವನಿಗೆ ಉತ್ತರ ದೊರೆಯಿತು. ಮೊದಲ ಸುತ್ತನ್ನು ಕತ್ತರಿಸಿದರೆ ಈ ಎರಡನೆಯ ಸುತ್ತು ಅರ್ಥಹೀನವಾಗುವುದೆಂದು ಹಾಡನ್ನು ಮೊಟಕುಗೊಳಿಸುವವರು ಅರಿಯಬೇಕು.

ಹಳಗನ್ನಡದ ಗದ್ಯದಲ್ಲಿ ಕ್ಷಾಮದ ಪ್ರಸಂಗವಿಲ್ಲದೆ ಇಲ್ಲ. ವಡ್ಡಾರಾಧನೆಯ ಭದ್ರಬಾಹು ಭಟ್ಟಾರರ ಕಥೆಯಲ್ಲಿ ಹನ್ನೆರಡು ವರ್ಷಗಳ ಬರವು ಬರಲಿರುವುದನ್ನು ಭಟ್ಟಾರರು ಮುಂಚಿತವಾಗಿ ಅರಿತು ಸಂಘಕ್ಕೆ ತಿಳಿಸುತ್ತಾರೆ. ಸಂಘವು ದಕ್ಷಿಣಕ್ಕೆ ಹೊರಡುತ್ತದೆ. ಅಲ್ಲಿ ಮುಚ್ಚುಮರೆಯಿಲ್ಲ. ತೊರೆದು ಹೋಗಬಲ್ಲವರಿಗೆ ಬರವನ್ನು ಬರವೆಂದು ಕರೆಯುವುದು ಕಷ್ಟವಲ್ಲ. ಹೊಸ್ತಿಲಿನೊಳಗೆ ಉಳಿಯಬೇಕಾದವರ ಬರವು ಅಂಥ ಗ್ರಂಥಗಳಿಗಿಂತ ಹೆಚ್ಚಾಗಿ ಬೀಸುವಕಲ್ಲಿನ ಮುಂದೆ ಹುಟ್ಟಿದ ಹಾಡುಗಳಲ್ಲಿಯೇ ಉಳಿದುಬಂದಿದೆ. ಈ ಹಾಡುಗಳು ಬಾಳಿದ ಬಯಲುಸೀಮೆಯು ಕಂಡ ಬರಗಳೇನು ಸಣ್ಣವಲ್ಲ. ೧೭೯೧-೯೨ರ ಬರವು ತಲೆಬುರುಡೆಗಳ ಬರವೆಂದೇ ಹೆಸರಾಯಿತು. ೧೮೭೬-೭೮ರ ಕ್ಷಾಮದ ಪೆಟ್ಟು ಜನಗಣತಿಯಲ್ಲಿಯೇ ಕಾಣುತ್ತದೆ: ೧೮೭೧ರಲ್ಲಿ ೫೦ ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನರು ೧೮೮೧ರಲ್ಲಿ ೪೨ ಲಕ್ಷಕ್ಕಿಂತ ಕೆಳಗಿಳಿದಿದ್ದರು. ಹಾಡನ್ನು ಯಾವುದೇ ಒಂದು ಬರಕ್ಕೆ ಗಂಟುಹಾಕುವುದು ಸಾಹಸವಾದೀತು. ಆದರೆ ಕೇಳುವವರ ಮನಸ್ಸಿನಲ್ಲಿ ನೀರಿಲ್ಲದ ಕೆರೆಯು ಬರಿಯ ಕವಿಸಮಯವಾಗಿರಲಿಲ್ಲ.

ಈಗ ವಾನಳ್ಳಿಯ ಉಪಾಧ್ಯಾಯನ ಕಡೆಗೆ ಮರಳಬಹುದು. ಅವನ ಮುಂದಿರುವ ಮಕ್ಕಳಿಗೆ ಒಣಗಿದ ಕೆರೆಯು ಹೊಸದಾದರೂ ಪಾಲಿನ ಮಾತು ಹೊಸದಲ್ಲ. ತೋಟಿಗರ ಅವಿಭಕ್ತ ಕುಟುಂಬಗಳಲ್ಲಿ ಅಡಕೆಯ ಹಣವು ವರ್ಷಕ್ಕೊಮ್ಮೆ, ಅದೂ ಯಜಮಾನನ ಕೈಗೆ ಬರುತ್ತಿತ್ತು. ಮುಂಗಡ ಕೊಟ್ಟ ಸಾಹುಕಾರನ ಲೆಕ್ಕವೂ ಅವನೊಬ್ಬನಿಗೇ ಗೊತ್ತು. ಮನೆಯ ಸಾಲವೆಷ್ಟೆಂಬುದು ಒಳಗಿನವರಿಗೆ ತಿಳಿಯುತ್ತಿದ್ದುದು ಬಹಳ ಸಲ ಒಡವೆಯನ್ನು ಬಿಚ್ಚಿಕೊಡೆಂದು ಕೇಳಿದ ದಿನವೇ. ೧೯೨೩ರಲ್ಲಿ ಶಿರಸಿಯಲ್ಲಿ ಸ್ಥಾಪಿತವಾದ ತೋಟಗಾರರ ಸಹಕಾರಿ ಮಾರಾಟ ಸಂಘವು ಬೆಳೆಯ ಮಾರಾಟವನ್ನು ಬೆಳೆದವರ ಸಂಘದ ಮೂಲಕ ನಡೆಸಿದ್ದರಿಂದ, ಬೆಲೆಯ ಮಾತು ಒಬ್ಬೊಬ್ಬ ಯಜಮಾನನ ಚೀಲದಿಂದ ಹೊರಬಿದ್ದು ಹತ್ತು ಜನರ ನಡುವಿನ ಮಾತಾಯಿತು. ಇದನ್ನು ಅರ್ಥಶಾಸ್ತ್ರದವರು ಮಾರುಕಟ್ಟೆಯ ಸುಧಾರಣೆಯೆಂದು ವರ್ಣಿಸುವರು. ಮಾತಿನ ಸುಧಾರಣೆಯೆಂದರೂ ತಪ್ಪಾಗದು.

೧೯೨೯ರ ತರುವಾಯದ ಜಗದ್ವ್ಯಾಪಿ ಮುಗ್ಗಟ್ಟಿನಲ್ಲಿ ಬೆಳೆಗಳ ಬೆಲೆ ಕುಸಿದರೂ ಭೂಕಂದಾಯ ಕುಸಿಯಲಿಲ್ಲ. ೧೯೩೨ರ ಕಾನೂನುಭಂಗದ ಕಾಲದಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಕಂದಾಯ ಕೊಡದೆ ನಿಂತರು; ಸುಮಾರು ೮೦೦ ಕುಟುಂಬಗಳು ಭೂಮಿಯನ್ನು ಕಳೆದುಕೊಂಡವು. ಕಂದಾಯ ಕೊಡುವುದಿಲ್ಲವೆಂಬ ತೀರ್ಮಾನವು ಸಭೆಯಲ್ಲಿ ಆಗಬಹುದು. ಆದರೆ ಅದರ ಫಲವನ್ನು ಉಣ್ಣಬೇಕಾದುದು ಅಡಿಗೆಮನೆ. ಮಲ್ಲನಗೌಡನ ಮನೆಯಲ್ಲಿದ್ದಂತೆ ಇಲ್ಲಿಯೂ ಒಂದು ದೊಡ್ಡ ಕಾರ್ಯಕ್ಕಾಗಿ ಮನೆಯೊಳಗಿನವರು ಬೆಲೆ ತೆರಬೇಕಾಗಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಅನ್ಯಾಯವಾದೀತು. ಭಾಗೀರಥಿಯನ್ನು ಯಾರೂ ಕೇಳಲಿಲ್ಲ, ಸಿದ್ದಾಪುರದ ಹೆಂಗಸರಾದರೋ ತಾವೇ ಮುಂದೆ ಬಂದರು. ಜಪ್ತಿಯಾದ ಸ್ವತ್ತನ್ನು ಲಿಲಾವಿನಲ್ಲಿ ಕೊಂಡವರ ಮನೆಯ ಎದುರು ಮಾವಿನಗುಂಡಿಯಲ್ಲಿ ಅವರು ಉಪವಾಸ ಕುಳಿತರು. ಕೊಂಡವರೂ ಹೊರಗಿನವರಲ್ಲ, ನಾಡಿನವರೇ. ಮನೆಯೊಳಗೆ ಆಡಲಾಗದ ಕಷ್ಟವನ್ನು ಗೆಳತಿಯ ಕಿವಿಯಲ್ಲಿ ಹೇಳಿ ಮರಳುವುದಲ್ಲದೆ, ಅದಕ್ಕೆ ಕಾರಣರಾದವರ ಅಂಗಳದಲ್ಲಿಯೇ ಕುಳಿತು ಹೇಳುವ ಮೂರನೆಯ ದಾರಿಯೂ ಇದೆಯೆಂದು ಈ ಸೀಮೆಯ ಹೆಂಗಸರು ಅಂದು ತೋರಿದರು. ೧೯೩೭ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲವು ಬಂದ ಬಳಿಕ ಕಳೆದುಹೋದ ಭೂಮಿಯನ್ನು ಹಿಂದಿರುಗಿಸುವ ಏರ್ಪಾಡಾಯಿತು.

ಆದುದರಿಂದ ಈ ಸೀಮೆಯ ಶಾಲೆಯಲ್ಲಿ ಪಾಠವನ್ನು ಕೆರೆಯಿಂದ ಆರಂಭಿಸದೆ ತೌರಿನ ಜಗಲಿಯಿಂದ ಆರಂಭಿಸುವುದು ಮೇಲು. ಮಗಳು ಬಾಡಿದ ಮೋರೆಯಿಂದ ಬಂದು ಬೇರೆ ಇಡುತ್ತಾರಂತೆ ಎಂದರೆ ತಂದೆ ಏನನ್ನು ಕೇಳಬೇಕಾಗಿತ್ತು? ಹೊಲಮನೆಯ ಮಾತನ್ನೆತ್ತುವ ಮೊದಲು ಇನ್ನೊಂದು ಪ್ರಶ್ನೆಯನ್ನು ಅವನು ಕೇಳಿದ್ದರೆ ಹಾಡು ಎತ್ತ ಹೋಗುತ್ತಿತ್ತು? ವಿದ್ಯಾರ್ಥಿಗಳು ಇದಕ್ಕೆ ಉತ್ತರವನ್ನು ಹುಡುಕುತ್ತಿರುವಂತೆಯೇ ಬಂಗಾರದ ಬಟ್ಟಲನ್ನು ತರಲು ಭಾಗೀರಥಿಯು ಒಬ್ಬಳೇ ಕೆರೆಗೆ ಮರಳುವ ಭಾಗಕ್ಕೆ ಬರಬಹುದು. ಮೆಟ್ಟಿಲು ಮೆಟ್ಟಿಲಾಗಿ ಏರುವ ನೀರಿನ ಅರ್ಥವನ್ನು ಆಗ ಬಿಡಿಸಿ ಹೇಳಬೇಕಾಗುವುದಿಲ್ಲ.